ಅರಾನ್ ದ್ವೀಪವನ್ನು ಸೈಕಲ್‌ನಲ್ಲಿ ಸುತ್ತಲು ಒಂದು ದಿನ ಸಾಕೇ?

ಪ್ರಶ್ನೆ: ನಾನು ಮತ್ತು ನನ್ನ ಹೆಂಡತಿ ಗ್ಲಾಸ್ಗೋದಲ್ಲಿ ಕೆಲಸದಲ್ಲಿದ್ದೇವೆ. ಜೂನ್ ಕೊನೆಗೆ ಬೆಂಗಳೂರಿನಿಂದ ಗೆಳೆಯನೊಬ್ಬ ಬರುತ್ತಿದ್ದಾನೆ. ಮೂವರೂ ಸೇರಿ ಅರಾನ್ ದ್ವೀಪವನ್ನು ಸೈಕಲ್‌ನಲ್ಲಿ ಒಂದು ಸುತ್ತು ಹಾಕುವ ಆಸೆ. ಗೆಳೆಯ ಆಗಾಗ ನಂದಿ ಬೆಟ್ಟ ಹತ್ತುವವನು. '90 ಕಿಲೋಮೀಟರ್ ತಾನೆ, ಒಂದೇ ದಿನದಲ್ಲಿ ಮುಗಿಸೋಣ' ಅನ್ನುತ್ತಾನೆ. ನಾವಿಬ್ಬರು ವಾರದ ಕೊನೆಯಲ್ಲಿ ಕಾಲುವೆ ಪಕ್ಕದ ಸಪಾಟು ದಾರಿಯಲ್ಲಿ 20–30 ಕಿಲೋಮೀಟರ್ ಓಡಿಸುವವರು. ಒಂದು ದಿನ ಸಾಕೇ? ಯಾವ ದಿಕ್ಕಿನಲ್ಲಿ ಸುತ್ತಬೇಕು? ಮಳೆ, ಟೆಂಟ್, ಸಸ್ಯಾಹಾರಿ ಊಟದ ಬಗ್ಗೆಯೂ ತಿಳಿಸಿ.

ಉತ್ತರ: ನಿಮ್ಮ ಗೆಳೆಯನಿಗೆ ಒಂದು ದಿನ ಸಾಕು. ನಿಮಗಿಬ್ಬರಿಗೆ ಸಾಲದು. ಮೂವರೂ ಒಟ್ಟಿಗೆ ಹೋಗುವುದಾದರೆ ಎರಡು ದಿನ ಇಟ್ಟುಕೊಳ್ಳಿ, ನಡುವಿನ ರಾತ್ರಿ ಬ್ಲ್ಯಾಕ್‌ವಾಟರ್‌ಫುಟ್ ಎಂಬ ಊರಲ್ಲಿ ಉಳಿಯಿರಿ. ಅಲ್ಲೇ ಯಾಕೆ ಎಂಬುದನ್ನು ಮುಂದೆ ವಿವರವಾಗಿ ಹೇಳುತ್ತೇನೆ. ನಿಮ್ಮ ಇಡೀ ಯೋಜನೆ ಆ ಊರಿನ ಮೇಲೆ ನಿಂತಿದೆ.

ಮೊದಲು ದ್ವೀಪದ ಆಕಾರ ತಲೆಯಲ್ಲಿ ಕೂರಬೇಕು. ಅರಾನ್ ಇರುವುದು ಸ್ಕಾಟ್ಲೆಂಡಿನ ಪಶ್ಚಿಮಕ್ಕೆ, ಕ್ಲೈಡ್ ಕೊಲ್ಲಿಯಲ್ಲಿ. ಉತ್ತರದ ಅರ್ಧದಲ್ಲಿ ಚೂಪಾದ ಗ್ರಾನೈಟ್ ಬೆಟ್ಟಗಳಿವೆ. ಅವುಗಳಲ್ಲಿ ಎತ್ತರದ್ದು ಗೋಟ್ ಫೆಲ್, 874 ಮೀಟರ್. ದಕ್ಷಿಣದ ಅರ್ಧ ತಗ್ಗು ಗುಡ್ಡಗಳು, ಹೊಲ, ಹುಲ್ಲುಗಾವಲು. ಸ್ಕಾಟ್ಲೆಂಡಿನ ಎತ್ತರದ ನಾಡನ್ನು ತಗ್ಗಿನ ನಾಡಿನಿಂದ ಬೇರೆ ಮಾಡುವ ದೊಡ್ಡ ಭೂಬಿರುಕು ಈ ದ್ವೀಪದ ಮೂಲಕವೇ ಹಾದುಹೋಗುತ್ತದೆ. ಹಾಗಾಗಿ ಇದನ್ನು 'ಪುಟ್ಟ ಸ್ಕಾಟ್ಲೆಂಡ್' ಅನ್ನುತ್ತಾರೆ. ಸೈಕಲ್ ಸವಾರರಿಗೆ ಇದು ಬರೀ ಭೂಗೋಳದ ವಿಷಯ ಅಲ್ಲ. ಉತ್ತರದಲ್ಲಿ ಬೆಟ್ಟ ದೊಡ್ಡದು, ಆದರೆ ರಸ್ತೆ ಹೆಚ್ಚಿನ ಕಡೆ ಸಮುದ್ರದ ಅಂಚಿನಲ್ಲೇ ಸಪಾಟಾಗಿ ಸಾಗುತ್ತದೆ. ದಕ್ಷಿಣದಲ್ಲಿ ಗುಡ್ಡ ಸಣ್ಣವು, ಆದರೆ ರಸ್ತೆ ಒಂದೊಂದನ್ನೂ ಹತ್ತಿ ಇಳಿಯುತ್ತದೆ. ನಕ್ಷೆ ನೋಡಿದವರು ಉತ್ತರಕ್ಕೆ ಹೆದರುತ್ತಾರೆ. ಕಾಲು ಸೋಲುವುದು ದಕ್ಷಿಣದಲ್ಲಿ.

ಸುತ್ತು ರಸ್ತೆಯ ಹೆಸರು ಎ 841. ಅದರಲ್ಲಿ ದಕ್ಷಿಣ ದಂಡೆಯ ಏರಿಳಿತವೆಲ್ಲ ಸೇರಿ ಇಡೀ ಸುತ್ತಿಗೆ ಸುಮಾರು 1,000 ಮೀಟರ್ ಏರು ಸಿಗುತ್ತದೆ. ಸಪಾಟು ದಾರಿಯ 30 ಕಿಲೋಮೀಟರಿಗೂ ಇದಕ್ಕೂ ಹೋಲಿಕೆ ಇಲ್ಲ. ಮೇಲಾಗಿ ಇದು ದ್ವೀಪ. ಗಾಳಿ ಎದುರಾದರೆ ಸಪಾಟು ರಸ್ತೆಯೂ ಏರಿನಂತೆಯೇ ಕಾಡುತ್ತದೆ. ಬೆಳಿಗ್ಗೆಯ ದೋಣಿಯಲ್ಲಿ ಬಂದು ಸಂಜೆಯ ದೋಣಿ ಹಿಡಿಯಬೇಕು ಅಂದರೆ ನಿಮ್ಮ ಹೆಂಡತಿ ಇಡೀ ದಿನ ಗಡಿಯಾರ ನೋಡುತ್ತಾ ತುಳಿಯಬೇಕಾಗುತ್ತದೆ. ಅಷ್ಟು ಚೆಂದದ ದಾರಿಯಲ್ಲಿ ಹಾಗೆ ಹೋಗುವುದು ನನಗೆ ಖಂಡಿತ ಒಪ್ಪಿಗೆ ಇಲ್ಲ.

ಈಗ ದಿಕ್ಕು. ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲೇ ಹೋಗಿ. ಅಂದರೆ ಬ್ರಾಡಿಕ್ ಬಂದರಿನಲ್ಲಿ ಇಳಿದು ದಕ್ಷಿಣಕ್ಕೆ ತಿರುಗಿ, ಪಶ್ಚಿಮ ದಂಡೆ ಹಿಡಿದು ಮೇಲೆ ಹೋಗಿ, ಉತ್ತರದ ಲಾಕ್‌ರಾನ್ಜಾ ಮುಟ್ಟಿ, ಮತ್ತೆ ಬ್ರಾಡಿಕ್‌ಗೆ ಬನ್ನಿ. ಇದಕ್ಕೆ ಕಾರಣಗಳಿವೆ. ಬ್ರಿಟನ್‌ನಲ್ಲೂ ನಮ್ಮಲ್ಲಿಯಂತೆ ಎಡಬದಿಯ ಸಂಚಾರ. ಈ ದಿಕ್ಕಿನಲ್ಲಿ ಸುತ್ತಿದರೆ ಸಮುದ್ರ ಸದಾ ನಿಮ್ಮ ಎಡಕ್ಕೇ ಇರುತ್ತದೆ. ನೋಟಕ್ಕೆ ಅಡ್ಡವಾಗಿ ಎದುರು ಬರುವ ವಾಹನಗಳಿಲ್ಲ. ಸೀಲ್ ಎಂಬ ಕಡಲ ಪ್ರಾಣಿ ಕಂಡಾಗ ರಸ್ತೆ ದಾಟದೆ ಪಕ್ಕಕ್ಕೆ ನಿಲ್ಲಬಹುದು. ಎರಡನೆಯದು, ಅಲ್ಲಿ ಗಾಳಿ ಜಾಸ್ತಿ ಬೀಸುವುದು ನೈಋತ್ಯದಿಂದ. ಪಶ್ಚಿಮ ದಂಡೆಯ ಬಯಲು ದಾರಿಯಲ್ಲಿ ಅದು ಬೆನ್ನಿಗೆ ಸಿಗುತ್ತದೆ. ಮೂರನೆಯದು, ದಕ್ಷಿಣದ ಏರಿಳಿತ ಮೊದಲ ದಿನವೇ, ಕಾಲು ತಾಜಾ ಇರುವಾಗಲೇ ಮುಗಿದುಹೋಗುತ್ತದೆ.

ನಿಜ, ಮೊದಲ ದಿನ ದಕ್ಷಿಣಕ್ಕೆ ಹೋಗುವಾಗ ಸ್ವಲ್ಪ ಎದುರುಗಾಳಿ ಇರುತ್ತದೆ. ಆದರೆ ಆ ಕಡೆ ಊರುಗಳು ಹತ್ತಿರ ಹತ್ತಿರ ಇವೆ, ನಿಂತು ಸುಧಾರಿಸಿಕೊಳ್ಳಬಹುದು. ಹವಾಮಾನದ ವರದಿಯಲ್ಲಿ ಉತ್ತರದ ಬಲವಾದ ಗಾಳಿ ಅಂತ ಕಂಡರೆ ಮಾತ್ರ ಯೋಚಿಸದೆ ದಿಕ್ಕು ಬದಲಿಸಿ.

ಬ್ಲ್ಯಾಕ್‌ವಾಟರ್‌ಫುಟ್ ಅಂದಿದ್ದು ಇದಕ್ಕೇ. ದಕ್ಷಿಣದ ಕಡೆಯಿಂದ ಬಂದರೆ ಅದು ಬ್ರಾಡಿಕ್‌ನಿಂದ 38 ಕಿಲೋಮೀಟರ್ ಆಸುಪಾಸು, ಉತ್ತರದ ಕಡೆಯಿಂದ ಬಂದರೆ 50ರ ಆಸುಪಾಸು. ಯಾವ ದಿಕ್ಕಿನಲ್ಲಿ ಹೊರಟರೂ ಅದೇ ರಾತ್ರಿಯ ತಂಗುದಾಣ ಆಗುತ್ತದೆ. ಗಾಳಿ ನೋಡಿಕೊಂಡು ಹೊರಡುವ ಬೆಳಿಗ್ಗೆಯೇ ದಿಕ್ಕು ನಿರ್ಧರಿಸಬಹುದು, ಕೋಣೆ ಬದಲಿಸಬೇಕಾಗಿಲ್ಲ. ಇನ್ನೊಂದು ಅನುಕೂಲ ಇದಕ್ಕಿಂತ ದೊಡ್ಡದು. ಅಲ್ಲಿಂದ ಬ್ರಾಡಿಕ್‌ಗೆ ದ್ವೀಪದ ಸೊಂಟದ ಮೇಲೆ ಅಡ್ಡಲಾಗಿ ಒಂದು ರಸ್ತೆ ಇದೆ. ಸಂಖ್ಯೆ ಬಿ 880, ಊರವರ ಬಾಯಲ್ಲಿ ಅದು 'ಸ್ಟ್ರಿಂಗ್'. ಇಡೀ ಸ್ಕಾಟ್ಲೆಂಡಿಗೆ ರಸ್ತೆ, ಸೇತುವೆ ಕಟ್ಟಿಕೊಟ್ಟ ಎಂಜಿನಿಯರ್ ಥಾಮಸ್ ಟೆಲ್ಫರ್ಡ್ 1817ರಲ್ಲಿ ಹಾಕಿಸಿದ ದಾರಿ ಅದು. ಉದ್ದ ಸುಮಾರು 17 ಕಿಲೋಮೀಟರ್, ತುದಿಯ ಎತ್ತರ ಸುಮಾರು 234 ಮೀಟರ್. ಎರಡನೇ ದಿನ ಮಳೆ ಬಿಡದೆ ಸುರಿದರೆ, ಮಂಡಿ ನೋವು ಬಂದರೆ, ಒಬ್ಬರಿಗೆ ಸಾಕಾಗಿಹೋದರೆ ಸುಮ್ನೆ ಸ್ಟ್ರಿಂಗ್ ಹತ್ತಿ ಇಳಿದರಾಯಿತು. ಒಂದೆರಡು ಗಂಟೆಯಲ್ಲಿ ಬಂದರು ಸಿಗುತ್ತದೆ. ಗೆಳೆಯ ಬೇಕಾದರೆ ಒಬ್ಬನೇ ಉತ್ತರ ಸುತ್ತಿ ಬರಲಿ, ನೀವು ಬ್ರಾಡಿಕ್‌ನಲ್ಲಿ ಕಾಯಬಹುದು. ಸುತ್ತು ದಾರಿಯಲ್ಲಿ ಬೇರೆ ಯಾವ ಊರಿಗೂ ಇಷ್ಟು ಸಲೀಸಾದ ಹಿಂದಾರಿ ಇಲ್ಲ. ಲ್ಯಾಮ್‌ಲಾಶ್‌ನಿಂದ ಸ್ಲಿಡರಿಗೆ ಹೋಗುವ ರಾಸ್ ರಸ್ತೆ ಒಂದಿದೆ, ಚೆಂದವಾಗಿದೆ. ಆದರೆ ಅದು ಒಂಟಿ ಪಥದ ನಿರ್ಜನ ದಾರಿ, ಮೊದಲ ಸಲಕ್ಕೆ ಬೇಡ.

ಒಂದು ಎಚ್ಚರಿಕೆ. ಸ್ಟ್ರಿಂಗ್‌ನಿಂದ ಬ್ರಾಡಿಕ್ ಕಡೆಗಿನ ಇಳಿಜಾರು ಕಡಿದು. ಒದ್ದೆ ರಸ್ತೆಯಲ್ಲಿ ಬ್ರೇಕನ್ನು ಬಿಟ್ಟು ಬಿಟ್ಟು ಹಿಡಿಯುತ್ತಾ ಇಳಿಯಿರಿ.

ದ್ವೀಪ ತಲುಪುವುದು ಸುಲಭ. ಗ್ಲಾಸ್ಗೋ ಸೆಂಟ್ರಲ್‌ನಿಂದ ರೈಲು, ಆಮೇಲೆ ಕ್ಯಾಲ್‌ಮ್ಯಾಕ್ ಕಂಪನಿಯ ದೋಣಿ. ರೈಲಿನಲ್ಲೂ ದೋಣಿಯಲ್ಲೂ ಸೈಕಲ್‌ಗೆ ಬೇರೆ ದುಡ್ಡಿಲ್ಲ. ಆದರೆ ಯಾವ ಬಂದರು ಎಂಬುದನ್ನು ಮೊದಲೇ ನೋಡಿಕೊಳ್ಳಿ. ಬ್ರಾಡಿಕ್‌ಗೆ ಹಳೆಯ ದಾರಿ ಆರ್ಡ್ರೋಸನ್‌ನಿಂದ. ಸುಮಾರು 55 ನಿಮಿಷದ ಪ್ರಯಾಣ, ರೈಲು ಬಂದರಿನ ಬಾಗಿಲಿಗೇ ಬರುತ್ತದೆ. 2025ರ ಜನವರಿಯಲ್ಲಿ ಸೇವೆಗಿಳಿದ 'ಗ್ಲೆನ್ ಸ್ಯಾನಕ್ಸ್' ಹಡಗು ಆರ್ಡ್ರೋಸನ್‌ನ ಹಳೆಯ ಕಟ್ಟೆಗೆ ಹೊಂದುವುದಿಲ್ಲ, ಅದು ಟ್ರೂನ್‌ನಿಂದ ಹೊರಡುತ್ತದೆ. ಟ್ರೂನ್‌ನಲ್ಲಿ ನಿಲ್ದಾಣದಿಂದ ಬಂದರಿಗೆ ಸ್ವಲ್ಪ ದೂರ ತುಳಿಯಬೇಕು, ಸಮುದ್ರಯಾನವೂ ಇನ್ನಷ್ಟು ಹೊತ್ತು. ಟಿಕೆಟ್ ಮೇಲಿನ ಬಂದರಿನ ಹೆಸರು ಓದಿ ಆಮೇಲೆ ರೈಲು ಹತ್ತಿ. ಜೋರು ಗಾಳಿಗೆ ದೋಣಿ ರದ್ದಾಗುವುದು ಅಲ್ಲಿ ಮಾಮೂಲು. ಗೆಳೆಯನ ಬೆಂಗಳೂರಿನ ವಿಮಾನ ಮರುದಿನವೇ ಇಟ್ಟುಕೊಳ್ಳಬೇಡಿ, ನಡುವೆ ಕನಿಷ್ಠ ಒಂದು ದಿನ ಖಾಲಿ ಇರಲಿ. ಬ್ರಾಡಿಕ್ ದೋಣಿ ನಿಂತ ದಿನವೂ ಉತ್ತರದ ಲಾಕ್‌ರಾನ್ಜಾದಿಂದ ಕ್ಲೂನೆಗ್‌ಗೆ ಹೋಗುವ ಸಣ್ಣ ದೋಣಿ ಓಡುವುದುಂಟು. ಅರ್ಧ ಗಂಟೆಯ ದಾರಿ. ಅದು ಕಿಂಟಾಯರ್ ಎಂಬ ಬೇರೆಯದೇ ಭೂಭಾಗದಲ್ಲಿ ಇಳಿಸುತ್ತದೆ, ಅಲ್ಲಿಂದ ಗ್ಲಾಸ್ಗೋಗೆ ಸುತ್ತು ಬಳಸು. ಆದರೂ ಕೈಯಲ್ಲಿರಲಿ.

ಬ್ರಾಡಿಕ್‌ನಲ್ಲಿ ಇಳಿದ ಕೂಡಲೇ ಹೊರಡಬೇಡಿ. ಈ ಮಾತಿಗೆ ನಾನು ತುಂಬಾ ಬೆಲೆ ಕೊಡುತ್ತೇನೆ. ದ್ವೀಪದ ರಸ್ತೆಯಲ್ಲಿ ವಾಹನಗಳು ದಿನವಿಡೀ ಸಮನಾಗಿ ಹರಿಯುವುದಿಲ್ಲ. ದೋಣಿ ಬಂದಾಗ ಒಟ್ಟಿಗೆ ಹೊರಬರುತ್ತವೆ. ಆಮೇಲೆ ರಸ್ತೆ ಖಾಲಿ. ಬಂದರಿನ ಎದುರು ಒಂದು ಕಾಫಿ ಕುಡಿಯಿರಿ. ಅಂಗಡಿಯಲ್ಲಿ ಹಣ್ಣು, ಬ್ರೆಡ್ಡು ತೆಗೆದುಕೊಳ್ಳಿ. ಟೈರಿನ ಗಾಳಿ ನೋಡಿ. ಅರ್ಧ ಗಂಟೆ ಬಿಟ್ಟು ಹೊರಟರೆ ಲ್ಯಾಮ್‌ಲಾಶ್‌ನ ಏರು ನಿಮ್ಮದೇ. ಹೊಸ ಸವಾರರಿಗೆ ಹಿಂದಿನಿಂದ ಕಾರು ಒತ್ತಿಕೊಂಡು ಬರುತ್ತಿದ್ದರೆ ಏರು ಎರಡು ಪಟ್ಟು ಆಗುತ್ತದೆ, ಅಲ್ವಾ?

ಲ್ಯಾಮ್‌ಲಾಶ್‌ನಲ್ಲಿ ಕೊಲ್ಲಿಯ ಆಚೆ ಗೋಡೆಯಂತೆ ಕಾಣುವುದು ಹೋಲಿ ಐಲ್. 1992ರಿಂದ ಅದು ಟಿಬೆಟಿನ ಬೌದ್ಧರ ಒಡೆತನದಲ್ಲಿದೆ. ಈ ಕೊಲ್ಲಿಯ ಒಂದು ಭಾಗದಲ್ಲಿ 2008ರಿಂದ ಯಾವ ಬಗೆಯ ಮೀನುಗಾರಿಕೆಗೂ ಅವಕಾಶವಿಲ್ಲ. ಸ್ಕಾಟ್ಲೆಂಡಿನಲ್ಲಿ ಅಂಥ ಮೊದಲ ಜಾಗ ಇದು. ವರ್ಷಗಟ್ಟಲೆ ಹೋರಾಡಿ ಅದನ್ನು ಪಡೆದವರು ದ್ವೀಪದ ಜನರೇ. ದಂಡೆಯ ಹುಲ್ಲಿನ ಮೇಲೆ ಒಂದು ಕಲ್ಲಿನ ಸ್ಮಾರಕವೂ ಇದೆ. 1829ರಲ್ಲಿ ಸ್ಯಾನಕ್ಸ್ ಕಣಿವೆಯಿಂದ ಎಬ್ಬಿಸಿದ ಕುಟುಂಬಗಳು ಕೆನಡಾಕ್ಕೆ ಹಡಗು ಹತ್ತಿದ್ದು ಇಲ್ಲಿಂದಲೇ. ಜಮೀನ್ದಾರನಿಗೆ ಜನರಿಗಿಂತ ಕುರಿ ಲಾಭ ಅನ್ನಿಸಿತ್ತು. ದಯವಿಟ್ಟು ಅಲ್ಲಿ ಎರಡು ನಿಮಿಷ ನಿಲ್ಲಿ. ಎರಡನೇ ದಿನ ಅದೇ ಸ್ಯಾನಕ್ಸ್ ಕಣಿವೆಯ ಪಕ್ಕದಿಂದಲೇ ಇಳಿಯುತ್ತೀರಿ. ಅಷ್ಟು ಚೆಂದದ ಜಾಗ ಯಾಕೆ ಅಷ್ಟು ಖಾಲಿ ಎಂಬುದು ಆಗ ಅರ್ಥವಾಗುತ್ತದೆ.

ವೈಟಿಂಗ್ ಬೇ ಊರಲ್ಲಿ ಊಟ ಮಾಡಿಕೊಳ್ಳಿ. ಅಲ್ಲಿಂದ ಮುಂದೆ ದಿನದ ಕಷ್ಟದ ಭಾಗ. ಏರು ಯಾವುದೂ ದೊಡ್ಡದಲ್ಲ, ಆದರೆ ಒಂದು ಮುಗಿಯುವಷ್ಟರಲ್ಲಿ ಇನ್ನೊಂದು. ಲ್ಯಾಗ್ ಎಂಬ ಊರು ಹಳ್ಳದೊಳಗೆ ಕೂತಿದೆ. ರೊಯ್ಯನೆ ಇಳಿದದ್ದನ್ನೆಲ್ಲ ಆಚೆ ಬದಿ ಮತ್ತೆ ಹತ್ತಬೇಕು. ಇಳಿಯುವಾಗಲೇ ಗೇರ್ ಹಗುರಕ್ಕೆ ಹಾಕಿಕೊಂಡಿರಿ. ಇಳಿದು ತಳ್ಳಿಕೊಂಡು ಹೋದರೂ ಏನೂ ತಪ್ಪಿಲ್ಲ. ದಕ್ಷಿಣಕ್ಕೆ ಸಮುದ್ರದಲ್ಲಿ ದೀಪಸ್ತಂಭ ಇರುವ ಪುಟ್ಟ ಪ್ಲಾಡ್ಡ ದ್ವೀಪ, ಅದರಾಚೆ ದುಂಡನೆಯ ಏಲ್ಸ ಕ್ರೇಗ್ ಬಂಡೆ ಕಾಣುತ್ತವೆ. ಒಲಿಂಪಿಕ್ಸ್‌ನಲ್ಲಿ ಮಂಜುಗಡ್ಡೆಯ ಮೇಲೆ ಜಾರಿಸುವ ಕರ್ಲಿಂಗ್ ಆಟದ ಕಲ್ಲುಗಳಿಗೆ ಗ್ರಾನೈಟ್ ಸಿಗುವುದು ಆ ಬಂಡೆಯಿಂದ. ಕಿಲ್ಡೋನನ್ ದಂಡೆಗೆ ಇಳಿದರೆ ಕಲ್ಲುಗಳ ಮೇಲೆ ಸೀಲ್‌ಗಳು ಮಲಗಿರುತ್ತವೆ. ಆದರೆ ಆ ಅಡ್ಡರಸ್ತೆಯಿಂದ ವಾಪಸ್ ಹತ್ತುವುದು ಕಡಿದು. ಪಶ್ಚಿಮ ದಂಡೆಯಲ್ಲೂ ಸೀಲ್ ಸಿಗುತ್ತವೆ, ದಣಿದಿದ್ದರೆ ಇದನ್ನು ಬಿಡಿ.

ಎರಡನೇ ದಿನ ಬೇಗ ಏಳಿ, ಮೊದಲ ನಿಲ್ದಾಣ ಮ್ಯಾಕ್ರಿ ಮೂರ್. ಅರಾನ್‌ನಲ್ಲಿ ಒಂದೇ ಜಾಗ ನೋಡಲು ಸಮಯವಿದ್ದರೆ ಇದನ್ನೇ ನೋಡಿ ಅನ್ನುತ್ತೇನೆ. ಬ್ಲ್ಯಾಕ್‌ವಾಟರ್‌ಫುಟ್‌ನಿಂದ ಕೆಲವೇ ಕಿಲೋಮೀಟರ್. ರಸ್ತೆ ಪಕ್ಕ ಸೈಕಲ್ ಬೀಗ ಹಾಕಿ ಕುರಿಗಳ ಬಯಲಿನಲ್ಲಿ ಎರಡೂವರೆ ಕಿಲೋಮೀಟರಿನಷ್ಟು ನಡೆಯಬೇಕು. ಬಯಲಿನಲ್ಲಿ ಆರು ಕಲ್ಲಿನ ವೃತ್ತಗಳಿವೆ. ಕೆಲವು ಗ್ರಾನೈಟ್ ಗುಂಡುಗಳು. ಒಂದು ವೃತ್ತದಲ್ಲಿ ಈಗ ಉಳಿದಿರುವುದು ಮೂರೇ ಕೆಂಪು ಮರಳುಗಲ್ಲಿನ ಕಂಬಗಳು, ಎತ್ತರದ್ದು ಐದು ಮೀಟರಿಗೂ ಮೇಲೆ. ನಾಲ್ಕು ಸಾವಿರ ವರ್ಷಗಳ ಆಚೆ ನೆಟ್ಟ ಕಲ್ಲುಗಳು. ಅದಕ್ಕೂ ಮೊದಲು ಅಲ್ಲೇ ಮರದ ಕಂಬಗಳ ವೃತ್ತಗಳಿದ್ದವು ಎಂದು ಅಗೆತದಲ್ಲಿ ಗೊತ್ತಾಗಿದೆ. ಈಶಾನ್ಯಕ್ಕೆ ಮ್ಯಾಕ್ರಿ ಕಣಿವೆಯ ತಲೆಯಲ್ಲಿ ಬೆಟ್ಟಸಾಲು ಸೀಳಿದಂತೆ ಒಂದು ಸಂದು ಕಾಣುತ್ತದೆ. ಬೇಸಿಗೆಯ ಅತಿ ಉದ್ದದ ಹಗಲಿನಂದು ಸೂರ್ಯ ಹುಟ್ಟುವುದು ಆ ಕಡೆಯಿಂದ. ನೀವು ಹೋಗುವುದು ಜೂನ್ ಕೊನೆಗೆ. ನಾಲ್ಕೂವರೆಗೆಲ್ಲ ಅಲ್ಲಿರುವಂತೆ ಏಳಲು ಮನಸ್ಸಿದ್ದು ಮೋಡ ಇಲ್ಲದಿದ್ದರೆ ನೋಡಿಬಿಡಿ. ಒಂದು ವೃತ್ತದ ಕಲ್ಲಿನಲ್ಲಿ ತೂತಿದೆ. ದೈತ್ಯ ಫಿಂಗಲ್ ಅಡುಗೆ ಮಾಡುವಾಗ ತನ್ನ ನಾಯಿ ಬ್ರಾನ್‌ನನ್ನು ಅದಕ್ಕೆ ಕಟ್ಟುತ್ತಿದ್ದ ಎಂದು ಕತೆ. ಇಲ್ಲಿಗೆ ಎರಡು ಗಂಟೆ ಮೀಸಲಿಡಿ. ಒಂದೇ ದಿನದಲ್ಲಿ ದ್ವೀಪ ಸುತ್ತುವವರು ಮೊದಲು ಕೈಬಿಡುವುದು ಇದನ್ನೇ. ನಿಮ್ಮ ಗೆಳೆಯನಿಗೆ ಇದನ್ನು ಓದಿ ಹೇಳಿ.

ಅಲ್ಲಿಂದ ಲಾಕ್‌ರಾನ್ಜಾವರೆಗೆ ಸುತ್ತಿನ ಅತಿ ಸುಖದ ಸವಾರಿ. ಎಡಕ್ಕೆ ನೀರು, ಆಚೆ ಕಿಂಟಾಯರ್‌ನ ಗುಡ್ಡಗಳು. ರಸ್ತೆ ಅಲ್ಲಲ್ಲಿ ಕಿರಿದು, ಡಾಂಬರು ಕೆಲವು ಕಡೆ ಒರಟು. ತೆಳ್ಳಗಿನ ರೇಸ್ ಟೈರಿಗಿಂತ 32 ಮಿಲಿಮೀಟರ್ ಆಸುಪಾಸಿನ ಟೈರು ಹಾಕಿಸಿ. ಪಿರ್ನ್‌ಮಿಲ್‌ನಲ್ಲಿ ಅಂಗಡಿ ಇದೆ. ಈ ಕಡೆ ಅಂಗಡಿಗಳು ಕಡಿಮೆ, ನೀರು ತುಂಬಿಸಿಕೊಳ್ಳಿ. ನಲ್ಲಿ ನೀರು ಧೈರ್ಯವಾಗಿ ಕುಡಿಯಬಹುದು. ಮುಂದೆ ಕ್ಯಾಟಕೋಲ್‌ನಲ್ಲಿ ಒಂದೇ ಸಾಲಿನ ಹನ್ನೆರಡು ಬಿಳಿ ಮನೆಗಳಿವೆ, ಹೆಸರು 'ಹನ್ನೆರಡು ಅಪೊಸ್ತಲರು', ಅಂದರೆ ಯೇಸುವಿನ ಶಿಷ್ಯರು. ಕಣಿವೆಯಿಂದ ಎಬ್ಬಿಸಿದ ಜನರಿಗಾಗಿ ಕಟ್ಟಿದ್ದು. ಮೇಲಿನ ಕಿಟಕಿಗಳು ಒಂದೊಂದೂ ಒಂದೊಂದು ಆಕಾರ. ಕಿಟಕಿಯಲ್ಲಿ ದೀಪ ಇಟ್ಟರೆ ಕಡಲಲ್ಲಿರುವ ಗಂಡನಿಗೆ ತನ್ನ ಮನೆ ಯಾವುದೆಂದು ತಿಳಿಯಲಿ ಅಂತ ಹಾಗೆ ಮಾಡಿದರು ಎಂದು ಊರವರು ಹೇಳುತ್ತಾರೆ.

ಲಾಕ್‌ರಾನ್ಜಾದಲ್ಲಿ ನೀರಿನ ನಡುವಿನ ನಾಲಗೆಯ ಮೇಲೆ ಪಾಳು ಕೋಟೆ ಇದೆ. ಜಿಂಕೆಗಳು ಊರೊಳಗೇ ಮೇಯುತ್ತಿರುತ್ತವೆ. ಹತ್ತಿರದ ದಂಡೆಯಲ್ಲೇ ಭೂವಿಜ್ಞಾನಿ ಜೇಮ್ಸ್ ಹಟನ್ 1787ರಲ್ಲಿ ಎರಡು ಬೇರೆ ಬೇರೆ ಕಾಲದ ಕಲ್ಲಿನ ಪದರಗಳು ಬೇರೆ ಬೇರೆ ಕಡೆಗೆ ವಾಲಿ ಒಂದರ ಮೇಲೊಂದು ಕೂತಿರುವುದನ್ನು ಕಂಡದ್ದು. ಭೂಮಿಗೆ ಊಹಿಸಲಾಗದಷ್ಟು ವಯಸ್ಸಾಗಿದೆ ಎಂಬ ಅವನ ವಾದಕ್ಕೆ ಸಿಕ್ಕ ಮೊದಲ ಸಾಕ್ಷಿಗಳಲ್ಲಿ ಇದೂ ಒಂದು. ನೋಡಲು ನಡೆಯಬೇಕು, ಬರಿಗಣ್ಣಿಗೆ ಅದು ಸಾಮಾನ್ಯ ಬಂಡೆಯಂತೆಯೇ ಕಾಣುತ್ತದೆ. ಕಲ್ಲಿನಲ್ಲಿ ಆಸಕ್ತಿ ಇದ್ದರೆ ಹೋಗಿ, ಇಲ್ಲವಾದರೆ ಆ ಸಮಯವನ್ನು ಮ್ಯಾಕ್ರಿಗೆ ಕೊಡಿ.

ಇಲ್ಲಿಂದ ಸುತ್ತಿನ ದೊಡ್ಡ ಏರು, 'ಬೊಗಿಲ್ಲಿ'. ಸುಮಾರು 200 ಮೀಟರ್ ಎತ್ತರಕ್ಕೆ ಹತ್ತುತ್ತೀರಿ. ನಂದಿಯ ಏರಿನ ಅರ್ಧದಷ್ಟೇ ಅಂದುಕೊಳ್ಳಿ, ಅಷ್ಟು ತಿರುವುಗಳೂ ಇಲ್ಲ. ಗೆಳೆಯನಿಗೆ ಇದು ಆಟ. ನಿಮಗೆ ಒಂದೇ ಕಿವಿಮಾತು: ಅವನ ವೇಗಕ್ಕೆ ಹೋಗಬೇಡಿ, ಮಾತಾಡಲು ಉಸಿರು ಉಳಿಯುವಷ್ಟೇ ತುಳಿಯಿರಿ. ಅವನು ತುದಿಯಲ್ಲಿ ಕಾಯಲಿ. ಮೇಲೆ ಗಾಳಿ ತಣ್ಣಗಿರುತ್ತದೆ, ಬೆವರಿದ ಮೈಗೆ ಇಳಿಯುವ ಮೊದಲೇ ಜಾಕೆಟ್ ಹಾಕಿಕೊಳ್ಳಿ. ಇಳಿದರೆ ಸ್ಯಾನಕ್ಸ್, ಆಮೇಲೆ ಕೋರಿ ಎಂಬ ಪುಟ್ಟ ಊರು, ಅಲ್ಲಿಂದ ಬ್ರಾಡಿಕ್‌ವರೆಗೆ ನೀರಿಗಂಟಿದ ಸಪಾಟು ರಸ್ತೆ. ಗೋಟ್ ಫೆಲ್ ಹತ್ತುವ ಆಸೆ ಗೆಳೆಯನಿಗೆ ಬಂದೇ ಬರುತ್ತದೆ. ಅದಕ್ಕೆ ಬೇರೆಯೇ ಒಂದು ದಿನ ಬೇಕು, ಈ ಎರಡು ದಿನದೊಳಗೆ ತುರುಕಬೇಡಿ.

ಮಳೆ ಬರುತ್ತದೆ. ಬರಬಹುದು ಅಂತಲ್ಲ, ಎರಡು ದಿನದಲ್ಲಿ ಒಮ್ಮೆಯಾದರೂ ಬರುತ್ತದೆ ಎಂದೇ ಹೊರಡಿ. ನಮ್ಮ ಮಲೆನಾಡಿನ ಜಡಿಮಳೆಯ ಅಭ್ಯಾಸ ಅಲ್ಲಿ ಸಾಲದು, ಕಾರಣ ಚಳಿ. ಜೂನ್‌ನಲ್ಲೂ ಹಗಲು 12–15 ಡಿಗ್ರಿ ಇದ್ದು, ಮೈ ಒದ್ದೆಯಾಗಿ, ಗಾಳಿ ಬೀಸಿದರೆ ಬೆರಳು ಮರಗಟ್ಟಿ ಬ್ರೇಕ್ ಹಿಡಿಯಲು ಕಷ್ಟವಾಗುತ್ತದೆ. ಒಳ್ಳೆಯ ಮಳೆ ಜಾಕೆಟ್, ಪೂರ್ತಿ ಬೆರಳಿನ ಕೈಗವಸು, ಒಂದು ಜೊತೆ ಒಣ ಕಾಲುಚೀಲ, ಬೇಗ ಒಣಗುವ ಬಟ್ಟೆ. ಜೀನ್ಸ್, ದಪ್ಪ ಹತ್ತಿ ಬಟ್ಟೆ ಬೇಡವೇ ಬೇಡ. ಒಣ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿ. ಮಡ್‌ಗಾರ್ಡ್ ಇರುವ ಸೈಕಲ್ ಒಯ್ಯಿರಿ. ಬೆನ್ನಿಗೆ ಚೀಲ ಹಾಕಿಕೊಳ್ಳದೆ ಕ್ಯಾರಿಯರ್‌ಗೆ ಕಟ್ಟಿ. ಬೆಳಕಿಗೇನೂ ಕೊರತೆ ಇಲ್ಲ, ಆ ದಿನಗಳಲ್ಲಿ ರಾತ್ರಿ ಹತ್ತರವರೆಗೂ ಸೂರ್ಯ ಇರುತ್ತಾನೆ. ಆದರೂ ಮಂಜು, ಮೋಡಕ್ಕೆಂದು ಹಿಂದಿನ ಕೆಂಪು ದೀಪ ಹಚ್ಚಿಕೊಂಡೇ ಓಡಿಸಿ. ಮೊಬೈಲ್ ಸಿಗ್ನಲ್ ಪಶ್ಚಿಮ ಮತ್ತು ಉತ್ತರದಲ್ಲಿ ಬಂದು ಹೋಗುತ್ತದೆ, ನಕ್ಷೆಯನ್ನು ಮೊದಲೇ ಇಳಿಸಿಕೊಳ್ಳಿ. ಒಬ್ಬರ ಬಳಿಯಾದರೂ ಎರಡು ಟ್ಯೂಬ್, ಪಂಪ್, ಚೈನ್ ಜೋಡಿಸುವ ಉಪಕರಣ ಇರಲಿ.

ಟೆಂಟ್ ಬಗ್ಗೆ ಕೇಳಿದ್ದೀರಿ. ಕಾನೂನಿನ ಅಡ್ಡಿ ಇಲ್ಲ. ಸ್ಕಾಟ್ಲೆಂಡಿನ 2003ರ ಭೂ ಸುಧಾರಣೆ ಕಾಯ್ದೆಯ ಪ್ರಕಾರ ಬೇಲಿ ಹಾಕಿದ ಹೊಲ, ಮನೆಯ ಅಂಗಳ ಬಿಟ್ಟು ತೆರೆದ ಜಾಗದಲ್ಲಿ ಒಂದೆರಡು ರಾತ್ರಿ ಟೆಂಟ್ ಹಾಕಬಹುದು. ಏನೂ ಗುರುತು ಬಿಡದೆ ಹೋಗಬೇಕು ಅಷ್ಟೇ. ಕಿಲ್ಡೋನನ್, ಲಾಕ್‌ರಾನ್ಜಾ, ಬ್ರಾಡಿಕ್ ಪಕ್ಕದ ಗ್ಲೆನ್ ರೋಸಾದಲ್ಲಿ ಕ್ಯಾಂಪಿಂಗ್ ಜಾಗಗಳೂ ಇವೆ. ಆದರೆ ಈ ಸಲ ಬೇಡ ಅನ್ನುವುದು ನನ್ನ ಸಲಹೆ. ಟೆಂಟ್, ಮಲಗುವ ಚೀಲ ಹೊತ್ತ ಸೈಕಲ್ ದಕ್ಷಿಣದ ಏರುಗಳಲ್ಲಿ ಹೊಸಬರನ್ನು ಸುಸ್ತು ಮಾಡುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಮಿಡ್ಜ್, ಕಣ್ಣಿಗೆ ಕಾಣದಷ್ಟು ಸಣ್ಣ ಕಚ್ಚುವ ನೊಣ. ಗಾಳಿ ಇದ್ದರೆ, ನೀವು ಓಡಿಸುತ್ತಿದ್ದರೆ ಅದರ ಕಾಟ ಇಲ್ಲ. ಗಾಳಿ ನಿಂತ ಸಂಜೆ, ಒದ್ದೆ ಹುಲ್ಲಿನ ಪಕ್ಕ ಟೆಂಟ್ ಬಿಚ್ಚುವಾಗ ಸಾವಿರಗಟ್ಟಲೆ ಮುತ್ತುತ್ತವೆ. ಕೋಣೆಯಲ್ಲಿದ್ದರೂ ಹಚ್ಚಿಕೊಳ್ಳುವ ಔಷಧಿ ಒಯ್ಯಿರಿ. ಮ್ಯಾಕ್ರಿಯಲ್ಲಿ ನಡೆದು ಬಂದ ಮೇಲೆ ಕಾಲಿಗೆ ರಕ್ತ ಹೀರುವ ಉಣ್ಣಿ ಕಚ್ಚಿಕೊಂಡಿದೆಯಾ ನೋಡಿಕೊಳ್ಳಿ, ಅದರಿಂದ ಲೈಮ್ ಕಾಯಿಲೆ ಬರಬಹುದು.

ಊಟದ ಚಿಂತೆ ಬೇಡ. ಸಸ್ಯಾಹಾರ ಈಗ ಹೆಚ್ಚಿನ ಕಡೆ ಸಿಗುತ್ತದೆ. ಸೂಪ್ ಕೇಳುವಾಗ ಯಾವುದರ ಸಾರು ಎಂದು ವಿಚಾರಿಸಿ, ತರಕಾರಿ ಸೂಪಿಗೂ ಮಾಂಸದ ಸಾರು ಹಾಕುವುದುಂಟು. ನಿಜವಾದ ತೊಡಕು ಸಮಯದ್ದು. ಹಳ್ಳಿಯ ಅಡುಗೆಮನೆಗಳು ಸಂಜೆ ಬೇಗ ಒಲೆ ಆರಿಸುತ್ತವೆ. ಎಂಟೂವರೆಗೆ ಹಸಿದು ಹೋದರೆ ಚಿಪ್ಸ್ ಮಾತ್ರ ಸಿಗಬಹುದು. ಮೊದಲ ದಿನ ಉಳಿಯುವ ಜಾಗಕ್ಕೆ ಫೋನ್ ಮಾಡಿ ರಾತ್ರಿ ಊಟ ಹೇಳಿಬಿಡಿ. ಮನೆಯಿಂದ ಚಪಾತಿ, ಚಟ್ನಿಪುಡಿ ಕಟ್ಟಿಕೊಂಡರೆ ಎರಡೂ ದಿನ ಕೆಡುವುದಿಲ್ಲ, ಆ ಚಳಿಯೇ ಫ್ರಿಜ್. ಹಸಿವಾಗುವ ಮೊದಲೇ ಸ್ವಲ್ಪ ಸ್ವಲ್ಪ ತಿನ್ನುತ್ತಿರಿ.

ನಿಮ್ಮ ಹೆಂಡತಿ ಹೊರಡುವ ಮೊದಲು ಗ್ಲಾಸ್ಗೋ ಸುತ್ತಲಿನ ಗುಡ್ಡದ ದಾರಿಯಲ್ಲಿ ಎರಡು ಮೂರು ಸಲ 40 ಕಿಲೋಮೀಟರ್ ಓಡಿಸಿ ನೋಡಲಿ. ಅದು ಆಗುತ್ತದೆ ಅಂದರೆ ಅರಾನ್‌ನ ಎರಡೂ ದಿನ ಆಗುತ್ತದೆ. ಅವರ ಸೈಕಲ್ಲಿನ ಗೇರು ಭಾರ ಅನ್ನಿಸಿದರೆ ಹಿಂದಿನ ಹಲ್ಲುಚಕ್ರವನ್ನು ದೊಡ್ಡದಕ್ಕೆ ಬದಲಿಸಿ ಕೊಡಿ. ಅಂಗಡಿಯಲ್ಲಿ ಸಣ್ಣ ಕೆಲಸ, ಏರಿನಲ್ಲಿ ದೊಡ್ಡ ವ್ಯತ್ಯಾಸ. ಬ್ರಾಡಿಕ್‌ನಲ್ಲಿ ಬಾಡಿಗೆಗೂ ಸೈಕಲ್ ಸಿಗುತ್ತದೆ. ಗೆಳೆಯನಿಗೆ ಅದೇ ಸಾಕು, ಬೆಂಗಳೂರಿನಿಂದ ವಿಮಾನದಲ್ಲಿ ಹೊತ್ತು ತರುವ ಗೋಜು ಬೇಡ.

ಮೊದಲು ಕಾಯ್ದಿರಿಸಬೇಕಾದದ್ದು ಕೋಣೆ. ಜೂನ್ ಕೊನೆಗೆ ಸ್ಕಾಟ್ಲೆಂಡಿನ ಶಾಲೆಗಳಿಗೆ ರಜೆ ಶುರುವಾಗುತ್ತದೆ, ಬ್ಲ್ಯಾಕ್‌ವಾಟರ್‌ಫುಟ್ ಸಣ್ಣ ಊರು. ಕೋಣೆ ಸಿಕ್ಕ ಮೇಲೆ ದೋಣಿ, ಆಮೇಲೆ ರೈಲು. ಸಾಧ್ಯವಾದರೆ ವಾರದ ನಡುವಿನ ದಿನ ಹಿಡಿಯಿರಿ. ಎರಡನೇ ದಿನ ವಾಪಸಾಗಲು ಕೊನೆಯ ದೋಣಿಯನ್ನು ನಂಬಬೇಡಿ, ಅದಕ್ಕೆ ಹಿಂದಿನದಕ್ಕೆ ಟಿಕೆಟ್ ಮಾಡಿಸಿ.